ಸೋಮವಾರ ಸಂಜೆ ಐದು ಗಂಟೆ: ಲೈಪ್‌ಜಿಗ್‌ನ ನಿಕೊಲಾಯ್ ಚರ್ಚಿನ ಶಾಂತಿ ಪ್ರಾರ್ಥನೆ, ಒಂದು ವಿಮರ್ಶೆ

ಜರ್ಮನಿಯಲ್ಲಿ ಓದುವ, ಕೆಲಸ ಮಾಡುವ ಕನ್ನಡಿಗರು ಲೈಪ್‌ಜಿಗ್‌ಗೆ ಹೋದಾಗ ಮೊದಲು ನೋಡುವುದು ಬಾಖ್‌ನ ಸಮಾಧಿ ಇರುವ ಥಾಮಸ್ ಚರ್ಚನ್ನು. ಅಲ್ಲಿಂದ ಹತ್ತು ನಿಮಿಷ ನಡೆದರೆ ನಿಕೊಲಾಯ್ ಚರ್ಚ್ ಸಿಗುತ್ತದೆ. ಹೆಚ್ಚಿನವರು ಶನಿವಾರ ಒಳಗೆ ಹೊಕ್ಕು, ತಾಳೆಗರಿಯ ಕಂಬಗಳ ಫೋಟೊ ತೆಗೆದು ಹೊರಗೆ ಬರುತ್ತಾರೆ. ಹಾಗೆ ನೋಡಿದವರಿಗೆ ಅದೊಂದು ಚಂದದ ಹಳೇ ಕಟ್ಟಡ, ಅಷ್ಟೇ. ಈ ಚರ್ಚಿಗೆ ಹೋಗಬೇಕಾದದ್ದು ಸೋಮವಾರ ಸಂಜೆ ಐದಕ್ಕೆ. 1982ರ ಸೆಪ್ಟೆಂಬರ್ 20ರಂದು ಇಲ್ಲಿ ಸೋಮವಾರದ ಶಾಂತಿ ಪ್ರಾರ್ಥನೆ ಶುರುವಾಯಿತು. ಆಗ ಈ ಊರಿದ್ದ ಕಮ್ಯುನಿಸ್ಟ್ ಪೂರ್ವ ಜರ್ಮನಿ ಎಂಬ ದೇಶವೇ ಅಳಿದುಹೋದರೂ ಪ್ರಾರ್ಥನೆ ಇಂದಿಗೂ ಅದೇ ದಿನ, ಅದೇ ಹೊತ್ತಿಗೆ ನಡೆಯುತ್ತಿದೆ. ಈ ವಿಮರ್ಶೆ ಆ ಪ್ರಾರ್ಥನೆಯನ್ನು ಕುರಿತದ್ದು. ಕಟ್ಟಡದ ಮಾತು ಬೇಕಾದಷ್ಟು ಮಾತ್ರ.

ತೀರ್ಪನ್ನು ಮೊದಲೇ ಹೇಳಬಹುದು. ರಾಜಕೀಯ ಕುದಿಯುವ ಕಾಲದಲ್ಲಿ ಒಂದು ಚರ್ಚಿನ ಸಭೆ ಹೇಗೆ ನಡೆದುಕೊಳ್ಳಬೇಕು, ಮುಂದಾಳು ಯಾವಾಗ ಹಿಂದೆ ಸರಿಯಬೇಕು ಎಂದು ಯೋಚಿಸುವ ಯಾರಿಗಾದರೂ ಇದು ರೈಲು ಹತ್ತಿ ಹೋಗಿ ಕೂರಲು ತಕ್ಕದ್ದು. ಪ್ರವಾಸಿಯ ಕಣ್ಣಿಗೆ ಹಬ್ಬವಾಗುವಂಥದ್ದು ಇಲ್ಲಿ ಏನೂ ನಡೆಯುವುದಿಲ್ಲ. ಜರ್ಮನ್ ಬಾರದವರು ಸ್ವಲ್ಪ ತಯಾರಿ ಮಾಡಿಕೊಂಡೇ ಹೋಗಬೇಕು.

ತಲುಪುವುದು ಸುಲಭ. ಬರ್ಲಿನ್‌ನಿಂದ ಐಸಿಇ ಎಂಬ ಅತಿವೇಗದ ರೈಲಿನಲ್ಲಿ ಸುಮಾರು ಒಂದೂಕಾಲು ಗಂಟೆ. ಸ್ಥಳೀಯ, ಪ್ರಾದೇಶಿಕ ಸಾರಿಗೆಯ ತಿಂಗಳ ಪಾಸಾದ ಡಾಯ್ಚ್‌ಲಾಂಡ್ ಟಿಕೆಟ್ ಐಸಿಇಗೆ ನಡೆಯುವುದಿಲ್ಲ. ಅದರಲ್ಲೇ ಹೋಗುವವರು ಪ್ರಾದೇಶಿಕ ರೈಲು ಬದಲಿಸುತ್ತಾ ಎರಡೂವರೆ ಮೂರು ಗಂಟೆ ಇಟ್ಟುಕೊಳ್ಳಬೇಕು. ಮುಖ್ಯ ನಿಲ್ದಾಣದಿಂದ ಹೊರಬಂದು ಟ್ರಾಮ್ ಹಳಿ ದಾಟಿದರೆ ಎದುರಿಗೇ ನಿಕೊಲಾಯ್‌ಸ್ಟ್ರಾಸ್ಸೆ. ಎಲ್ಲೂ ತಿರುಗದೆ ನೇರ ನಡೆದರೆ ಹತ್ತು ನಿಮಿಷದೊಳಗೆ ಚರ್ಚಿನ ಅಂಗಳ. ಪ್ರವೇಶ ಉಚಿತ, ಕಾಣಿಕೆ ಇಷ್ಟವಿದ್ದಷ್ಟು. ನಾಲ್ಕೂವರೆಗೆ ಒಳಗಿದ್ದರೆ ಬೇಕಾದ ಕಡೆ ಕೂರಬಹುದು. ನಡುವಿನ ಸಾಲುಗಳಲ್ಲಿ, ಮುಂದಿನ ಮೂರನೇ ಒಂದು ಭಾಗದಲ್ಲಿ ಕೂತರೆ ಮಾತು ಸ್ಪಷ್ಟವಾಗಿ ಕೇಳುತ್ತದೆ. ಎತ್ತರದ ಕಲ್ಲಿನ ಕಟ್ಟಡವಾದ್ದರಿಂದ ಹಿಂದಿನ ಸಾಲುಗಳಲ್ಲಿ ಮಾತಿಗೆ ಮಾರ್ದನಿ ಬೆರೆಯುತ್ತದೆ. ಭಾಷೆ ಅರೆಬರೆ ಬಲ್ಲವರು ಎಡವುವುದು ಅಲ್ಲಿಯೇ. ನವೆಂಬರ್‌ನಿಂದ ಮಾರ್ಚ್‌ವರೆಗೆ ಕೋಟು ತೆಗೆಯುವ ಯೋಚನೆ ಬೇಡ.

ಪ್ರಾರ್ಥನೆ ಸಾಮಾನ್ಯವಾಗಿ ಮುಕ್ಕಾಲು ಗಂಟೆಯೊಳಗೆ ಮುಗಿಯುತ್ತದೆ. ಸಂಗೀತ, ಸ್ವಾಗತ, ಬೈಬಲ್ ವಾಚನ, ಆ ವಾರದ ವಿಷಯದ ಮೇಲೆ ಮಾಹಿತಿ, ಚಿಕ್ಕ ಪ್ರಸಂಗ (ಉಪದೇಶ), ಬಿನ್ನಹಗಳು, ಕರ್ತನ ಪ್ರಾರ್ಥನೆ, ಆಶೀರ್ವಾದ. ಹೊರನೋಟಕ್ಕೆ ನಮ್ಮ ಸಿಎಸ್‌ಐ (ದಕ್ಷಿಣ ಭಾರತ ಸಭೆ) ಚರ್ಚುಗಳ ಸಂಜೆ ಆರಾಧನೆಗಿಂತ ಬಹಳ ಬೇರೆಯಲ್ಲ. ಬೇರೆಯಾಗಿರುವುದು ಮಾಹಿತಿಯ ಭಾಗ. ಅದನ್ನು ಸಿದ್ಧಪಡಿಸುವುದು ಸಭಾಪಾಲಕರು (ಪಾಸ್ಟರ್) ಒಬ್ಬರೇ ಅಲ್ಲ. ಬೇರೆ ಬೇರೆ ಗುಂಪುಗಳು ಸರದಿಯ ಮೇಲೆ ಹೊಣೆ ಹೊರುತ್ತವೆ. ಮಾನವ ಹಕ್ಕು, ನಿರಾಶ್ರಿತರು, ಪರಿಸರ, ಯುದ್ಧ ಹೀಗೆ ಯಾವುದೋ ಒಂದು ವಿಷಯವನ್ನು ಕೈಯಾರೆ ನಡೆಸುವವರು ನಿಂತು ಮಾತಾಡುತ್ತಾರೆ. ಒಳ್ಳೆಯ ಭಾಷಣಕಾರರು ಸಿಗುತ್ತಾರೆಂಬ ಭರವಸೆ ಇಲ್ಲ. ಕಾಗದ ನೋಡಿ ಓದುವವರೂ ಇರುತ್ತಾರೆ, ಧ್ವನಿ ನಡುಗುವವರೂ ಇರುತ್ತಾರೆ. ಈ ಪ್ರಾರ್ಥನೆಯ ಬೆಲೆ ಇರುವುದೇ ಇದರಲ್ಲಿ ಎಂಬುದು ನಮ್ಮ ಅಭಿಪ್ರಾಯ, ಅದಕ್ಕೆ ಕಾರಣ ಇಲ್ಲಿನ ಇತಿಹಾಸದಲ್ಲಿದೆ.

ಕ್ರಿಸ್ಟಿಯಾನ್ ಫ್ಯೂರರ್ 1980ರಲ್ಲಿ ಇಲ್ಲಿಗೆ ಸಭಾಪಾಲಕರಾಗಿ ಬಂದರು, 2008ರವರೆಗೆ ಇದ್ದರು. ಆರಂಭದ ವರ್ಷಗಳಲ್ಲಿ ಕೆಲವು ಸೋಮವಾರ ಹತ್ತು ಜನರೂ ಸೇರುತ್ತಿರಲಿಲ್ಲ. ಆದರೂ ನಿಲ್ಲಿಸಲಿಲ್ಲ. ಬಾಗಿಲ ಬಳಿ ‘ಎಲ್ಲರಿಗೂ ತೆರೆದಿದೆ’ ಎಂಬ ಫಲಕ ಹಾಕಿದರು. ದೇಶ ಬಿಟ್ಟು ಹೋಗಲು ಅರ್ಜಿ ಹಾಕಿ, ಅದೇ ಕಾರಣಕ್ಕೆ ಕೆಲಸ ಕಳೆದುಕೊಂಡು, ನೆರೆಯವರಿಂದ ದೂರವಾದವರನ್ನು 1988ರ ಫೆಬ್ರವರಿಯಲ್ಲಿ ಕರೆದು ಕೂರಿಸಿದರು; ಎಣಿಸಿದ್ದಕ್ಕಿಂತ ಎಷ್ಟೋ ಪಟ್ಟು ಜನ ಬಂದರು. ಅವರಲ್ಲಿ ಬಹುಪಾಲು ಮಂದಿಗೆ ಯೇಸುವಿನಲ್ಲಿ ನಂಬಿಕೆ ಇರಲಿಲ್ಲ. ಪೂರ್ವ ಜರ್ಮನಿಯ ಗುಪ್ತ ಪೊಲೀಸ್ ಸಂಸ್ಥೆ ಸ್ಟಾಸಿಯ ಮಾಹಿತಿದಾರರೂ ಅದೇ ಬೆಂಚುಗಳಲ್ಲಿ ಕೂರುತ್ತಿದ್ದರು. ಅವರಿಗೂ ಬಾಗಿಲು ಮುಚ್ಚಲಿಲ್ಲ.

ಇಷ್ಟನ್ನು ಯಾವ ಪ್ರವಾಸಿ ಪುಸ್ತಕವೂ ಹೇಳುತ್ತದೆ. ಬಿಟ್ಟುಬಿಡುವುದು ಕ್ರಿಸ್ಟೋಫ್ ವೊನ್ನೆಬರ್ಗರ್ ಅವರನ್ನು. ಪೇಟೆಯ ಪೂರ್ವಕ್ಕೆ, ಫೋಕ್‌ಮಾರ್ಸ್‌ಡಾರ್ಫ್ ಬಡಾವಣೆಯ ಲೂಕಾಸ್ ಚರ್ಚಿನ ಸಭಾಪಾಲಕರು. ಕಡ್ಡಾಯ ಸೇನಾ ಸೇವೆಗೆ ಬದಲು ಆಸ್ಪತ್ರೆ, ವೃದ್ಧಾಶ್ರಮಗಳಲ್ಲಿ ದುಡಿಯುವ ಅವಕಾಶ ಕೊಡಿ ಎಂದು ಡ್ರೆಸ್ಡೆನ್‌ನಲ್ಲಿದ್ದಾಗಲೇ ದನಿ ಎತ್ತಿದವರು. ಎಂಬತ್ತರ ದಶಕದ ಕೊನೆಗೆ ಸೋಮವಾರದ ಪ್ರಾರ್ಥನೆಗಳನ್ನು ಹೊಂದಿಸುವ ಕೆಲಸ ಅವರ ಕೈಗೆ ಬಂತು. ಅವರು ಮಾಡಿದ್ದು ಸರಳ: ಪ್ರತಿ ವಾರ ಒಂದೊಂದು ಯುವಗುಂಪಿಗೆ ಇಡೀ ಪ್ರಾರ್ಥನೆಯ ಹೊಣೆ ಕೊಟ್ಟರು. ಇಪ್ಪತ್ತರ ಆಸುಪಾಸಿನ ಹುಡುಗ ಹುಡುಗಿಯರು ವಿಷಯ ಆರಿಸಿ, ಪ್ರಾರ್ಥನೆ ಬರೆದು, ನೂರಾರು ಜನರ ಮುಂದೆ ಮೈಕ್ ಹಿಡಿಯುವುದನ್ನು ಕಲಿತರು. ಸೆನ್ಸಾರ್ ಇಲ್ಲದ ಮಾತಿಗೆ ಆ ದೇಶದಲ್ಲಿ ಬೇರೆ ಜಾಗವೇ ಇರಲಿಲ್ಲ. ತಪ್ಪು ಮಾಡಲಿ, ಕಲಿಯಲಿ ಎಂದು ವೊನ್ನೆಬರ್ಗರ್ ಬಿಟ್ಟುಕೊಟ್ಟರು.

ತಪ್ಪೂ ಆಯಿತು, ಜಗಳವೂ ಆಯಿತು. ಗುಂಪುಗಳ ಮಾತು ಹೆಚ್ಚು ರಾಜಕೀಯವಾಗಿ, ಪ್ರಾರ್ಥನೆ ಕಡಿಮೆಯಾಯಿತು ಎಂಬ ದೂರು ಸಭೆಯೊಳಗೇ ಇತ್ತು. ಸರ್ಕಾರದ ಒತ್ತಡವಂತೂ ಬಿಗಿಯಾಗಿಯೇ ಇತ್ತು. 1988ರ ಆಗಸ್ಟ್‌ನಲ್ಲಿ ಆ ಭಾಗದ ಚರ್ಚುಗಳ ಮೇಲ್ವಿಚಾರಕರಾದ ಸೂಪರಿಂಟೆಂಡೆಂಟ್ ಫ್ರೀಡ್ರಿಶ್ ಮಾಗಿರಿಯುಸ್ ಪ್ರಾರ್ಥನೆಯ ಹೊಣೆಯನ್ನು ಗುಂಪುಗಳಿಂದಲೂ ವೊನ್ನೆಬರ್ಗರ್ ಅವರಿಂದಲೂ ಹಿಂದಕ್ಕೆ ಪಡೆದರು. ಯುವಕರು ಚರ್ಚ್ ಬಿಟ್ಟು ಓಡಲಿಲ್ಲ. ಪ್ರಾರ್ಥನೆ ಮುಗಿದ ಮೇಲೆ ಹೊರಗಿನ ಅಂಗಳದಲ್ಲಿ ನಿಂತು ಮಾತಾಡತೊಡಗಿದರು. ಒಳಗೆ ಬಾಯಿ ಮುಚ್ಚಿಸಿದ್ದರಿಂದ ಮಾತು ಬೀದಿಗೆ ಬಂತು. 1989ರ ಏಪ್ರಿಲ್‌ನಲ್ಲಿ ರಾಜಿಯಾಗಿ, ಸಭಾಪಾಲಕರೊಬ್ಬರ ಜತೆಯಲ್ಲಿ ಗುಂಪುಗಳು ಮತ್ತೆ ಹೊಣೆ ಹೊತ್ತವು. ಅಷ್ಟರಲ್ಲಿ ಅಂಗಳದಲ್ಲಿ ನಿಲ್ಲುವ ರೂಢಿ ಬೆಳೆದಿತ್ತು. ಆ ಶರತ್ಕಾಲದಲ್ಲಿ ಸರ್ಕಾರದ ವಿರುದ್ಧ ಸೋಮವಾರದ ಮೆರವಣಿಗೆಗಳು ಹೊರಟದ್ದು ಆ ಅಂಗಳದಿಂದಲೇ. ಮಾಗಿರಿಯುಸ್ ಅವರನ್ನು ಖಳನಾಯಕ ಮಾಡುವುದು ಸುಲಭ. ಸಭೆಯನ್ನೂ ಕಟ್ಟಡವನ್ನೂ ಮುಚ್ಚಿಸಿಕೊಳ್ಳದೆ ಉಳಿಸುವ ಭಾರ ಅವರ ಹೆಗಲ ಮೇಲಿತ್ತು ಎಂಬುದನ್ನೂ ಹೇಳದಿದ್ದರೆ ಅನ್ಯಾಯವಾಗುತ್ತದೆ.

1989ರ ಅಕ್ಟೋಬರ್ 9ರ ವಿಷಯ. ಮೂರು ದಿನ ಹಿಂದೆ ಸ್ಥಳೀಯ ಪತ್ರಿಕೆಯಲ್ಲಿ, ಬೇಕಾದರೆ ಆಯುಧ ಹಿಡಿದೇ ಈ ಗಲಾಟೆ ನಿಲ್ಲಿಸುತ್ತೇವೆ ಎಂಬ ಬೆದರಿಕೆ ಬಂದಿತ್ತು. ಬೀಜಿಂಗ್‌ನ ತಿಯಾನನ್ಮೆನ್ ಹತ್ಯಾಕಾಂಡ ಆಗಿ ನಾಲ್ಕು ತಿಂಗಳಷ್ಟೇ ಆಗಿತ್ತು. ಮಧ್ಯಾಹ್ನವೇ ಆಳುವ ಪಕ್ಷದ ನೂರಾರು ಸದಸ್ಯರನ್ನು ಕಳಿಸಿ ನಿಕೊಲಾಯ್ ಚರ್ಚಿನ ಬೆಂಚು ತುಂಬಿಸಲಾಯಿತು, ಬೇರೆಯವರಿಗೆ ಜಾಗ ಸಿಗದಿರಲಿ ಎಂದು. ಆ ಪಕ್ಷ ಸದಸ್ಯರನ್ನೂ ಫ್ಯೂರರ್ ಸ್ವಾಗತಿಸಿದರು. ಕೆಲಸ ಮುಗಿಸಿ ಬರುವವರಿಗೆಂದು ಗ್ಯಾಲರಿಗಳನ್ನು ಕಾದಿರಿಸಿದರು. ಯೇಸುವಿನ ಪರ್ವತ ಪ್ರಸಂಗವನ್ನು (ಮತ್ತಾಯ 5ರಿಂದ 7) ಎಂದೂ ಕೇಳದಿದ್ದವರು ಅವತ್ತು ಕೂತು ಕೇಳಿದರು. ಅದೇ ಹೊತ್ತಿಗೆ ಥಾಮಸ್, ಮಿಶಾಯೆಲಿಸ್, ರಿಫಾರ್ಮ್ಡ್ ಚರ್ಚುಗಳಲ್ಲೂ ಪ್ರಾರ್ಥನೆ ನಡೆಯಿತು. ಗೆವಾಂಡ್‌ಹೌಸ್ ವಾದ್ಯವೃಂದದ ನಿರ್ದೇಶಕ ಕುರ್ಟ್ ಮಸೂರ್, ಒಬ್ಬ ದೇವಶಾಸ್ತ್ರಜ್ಞ, ಒಬ್ಬ ಹಾಸ್ಯ ಕಲಾವಿದ, ಪಕ್ಷದ ಮೂವರು ಜಿಲ್ಲಾ ಕಾರ್ಯದರ್ಶಿಗಳು ಸೇರಿ ಬರೆದ ಶಾಂತಿಯ ಮನವಿಯನ್ನು ಚರ್ಚುಗಳಲ್ಲೂ ಬೀದಿಯ ಧ್ವನಿವರ್ಧಕಗಳಲ್ಲೂ ಓದಲಾಯಿತು. ಲೂಕಾಸ್ ಚರ್ಚಿನಲ್ಲಿ ಯುವಕರು ರಾತ್ರಿಹಗಲು ಕೂತು, ಹಿಂಸೆ ಬೇಡ ಎಂಬ ಕರಪತ್ರದ ಸಾವಿರಾರು ಪ್ರತಿಗಳನ್ನು ಕೈಯಂತ್ರದಲ್ಲಿ ಒತ್ತಿ ಸಿದ್ಧವಾಗಿಟ್ಟಿದ್ದರು. ಸುಮಾರು 70,000 ಜನ ವರ್ತುಲ ರಸ್ತೆಯಲ್ಲಿ ನಡೆದರು. ಅಷ್ಟು ಜನರನ್ನು ಅಧಿಕಾರಿಗಳು ನಿರೀಕ್ಷಿಸಿರಲಿಲ್ಲ; ಪೊಲೀಸರು ಹಿಂದೆ ಸರಿದರು. ಗುಂಡು ಹಾರಲಿಲ್ಲ. ಮೇಣದ ಬತ್ತಿ ಹಿಡಿದವರಿಗೆ ಒಂದು ಕೈ ಬತ್ತಿಗೆ, ಇನ್ನೊಂದು ಕೈ ಗಾಳಿ ತಡೆಯಲು ಬೇಕು, ಕಲ್ಲು ಎತ್ತಲು ಕೈ ಉಳಿಯುವುದಿಲ್ಲ ಎಂದು ಫ್ಯೂರರ್ ಮುಂದೆ ವಿವರಿಸುತ್ತಿದ್ದರು.

ಮೂರು ವಾರದ ನಂತರ, ಅಕ್ಟೋಬರ್ 30ರಂದು, ವೊನ್ನೆಬರ್ಗರ್‌ಗೆ ಪಾರ್ಶ್ವವಾಯು ಹೊಡೆದು ಮಾತು ಹೋಯಿತು. ಹತ್ತು ದಿನದಲ್ಲಿ ಬರ್ಲಿನ್ ಗೋಡೆ ತೆರೆದಾಗ ಅವರು ಹಾಸಿಗೆಯಲ್ಲಿದ್ದರು. ಮಾತನ್ನು ಮತ್ತೆ ಅಕ್ಷರಾಭ್ಯಾಸದಿಂದ ಕಲಿಯಬೇಕಾಯಿತು. ಕ್ಯಾಮೆರಾಗಳು ಫ್ಯೂರರ್ ಕಡೆ ತಿರುಗಿದ್ದಕ್ಕೆ ಇದೂ ಒಂದು ಕಾರಣ. ಆದರೆ ವೊನ್ನೆಬರ್ಗರ್ ಕಲಿಸಿದ ಗುಂಪುಗಳು ನಿಲ್ಲಲಿಲ್ಲ. ಮುಂದಾಳು ಇಲ್ಲದ ದಿನವೂ ಕೆಲಸ ನಡೆಯಿತೇ ಎಂಬುದಕ್ಕಿಂತ ಕಠಿಣ ಪರೀಕ್ಷೆ ಮುಂದಾಳಿಗೆ ಇಲ್ಲ. ವೊನ್ನೆಬರ್ಗರ್ ಅದರಲ್ಲಿ ಪೂರ್ತಿ ಪಾಸಾದರು. 2014ರಲ್ಲಿ ಜರ್ಮನ್ ರಾಷ್ಟ್ರೀಯ ಪ್ರಶಸ್ತಿಯನ್ನು ಫ್ಯೂರರ್, ವೊನ್ನೆಬರ್ಗರ್ ಇಬ್ಬರಿಗೂ, ಜತೆಗೆ ಆ ಗುಂಪುಗಳ ಪರವಾಗಿ ಉವೆ ಶ್ವಾಬೆ ಮತ್ತು ನಾಗರಿಕ ಚಳವಳಿಯ ದಾಖಲೆ ಸಂಗ್ರಹಕ್ಕೂ ಹಂಚಿದ್ದು ಸರಿಯಾದ ತೀರ್ಮಾನ. ಫ್ಯೂರರ್ ಅದೇ ವರ್ಷ ಜೂನ್ 30ರಂದು ತೀರಿಕೊಂಡರು.

ವೊನ್ನೆಬರ್ಗರ್ ಅವರ ದೀನತೆ ಹೊಣೆ ಬಿಟ್ಟುಕೊಡುವುದರಲ್ಲಿತ್ತು. ಫ್ಯೂರರ್ ಅವರದು ಬೇರೆ ಬಗೆಯದು, ಅದು ಗೆಲುವಿನ ನಂತರ ಕಾಣಿಸಿತು. ಜೀನ್ಸ್ ವೇಸ್ಟ್‌ಕೋಟು ತೊಟ್ಟ ಸಭಾಪಾಲಕರಾಗಿ ಜಗತ್ತಿಗೆ ಗೊತ್ತಾದ ಮೇಲೂ ಅದೇ ಸಭೆಯಲ್ಲಿ ಉಳಿದರು. ಪೂರ್ವದ ಕಾರ್ಖಾನೆಗಳು ಮುಚ್ಚಿ ಸಾವಿರಾರು ಜನ ಬೀದಿಗೆ ಬಿದ್ದಾಗ ನಿರುದ್ಯೋಗಿಗಳಿಗಾಗಿ ಚರ್ಚಿನ ಆಸರೆಯಲ್ಲಿ ಸಂಸ್ಥೆ ಕಟ್ಟಲು ನೆರವಾದರು. 2006ರ ಜನವರಿಯಲ್ಲಿ ಲೈಪ್‌ಜಿಗ್‌ನ ಇಬ್ಬರು ಎಂಜಿನಿಯರರನ್ನು ಇರಾಕಿನಲ್ಲಿ ಅಪಹರಿಸಿದಾಗ, ಮೇ ತಿಂಗಳಲ್ಲಿ ಅವರು ಬಿಡುಗಡೆಯಾಗುವವರೆಗೂ ಈ ಚರ್ಚಿನಲ್ಲಿ ಜನ ಸೇರಿ ಪ್ರಾರ್ಥಿಸುತ್ತಿದ್ದರು.

ಇನ್ನು ಕೊರತೆಗಳು. ಮೊದಲನೆಯದು ಭಾಷೆ. ಎಲ್ಲವೂ ಜರ್ಮನ್‌ನಲ್ಲಿ. ಫೋನಿನ ತಕ್ಷಣದ ಅನುವಾದವನ್ನು ನಂಬಿ ಹೋದವರಿಗೆ ನಿರಾಸೆಯಾಗುತ್ತದೆ, ಮಾರ್ದನಿಯಲ್ಲಿ ಅದು ಅರ್ಧ ಮಾತನ್ನು ನುಂಗುತ್ತದೆ. ಪ್ರಾರ್ಥನೆಯ ನಡುವೆ ಹೊಳೆಯುವ ಪರದೆ ಅಕ್ಕಪಕ್ಕದವರಿಗೂ ಕಿರಿಕಿರಿ. ಇದಕ್ಕಿಂತ ಒಳ್ಳೆಯ ದಾರಿ: ಆ ವಾರದ ವಿಷಯ ಏನೆಂದು ಚರ್ಚಿನ ಜಾಲತಾಣದಲ್ಲಿ ಮೊದಲೇ ನೋಡಿ, ಆ ಬಗ್ಗೆ ಓದಿಕೊಂಡು ಹೋಗುವುದು, ಮತ್ತಾಯ 5ರಿಂದ 7ನೇ ಅಧ್ಯಾಯಗಳನ್ನು ಕನ್ನಡ ಸತ್ಯವೇದದಲ್ಲಿ ತೆರೆದಿಟ್ಟುಕೊಳ್ಳುವುದು. ಕರ್ತನ ಪ್ರಾರ್ಥನೆಯ ಹೊತ್ತಿಗೆ ಕನ್ನಡದಲ್ಲೇ ಮೆಲ್ಲಗೆ ಸೇರಿಕೊಳ್ಳಬಹುದು, ಯಾರೂ ತಿರುಗಿ ನೋಡುವುದಿಲ್ಲ.

ಎರಡನೆಯದು ಹೆಚ್ಚು ಗಂಭೀರ. ಪೇಟೆಯಲ್ಲಿ ಸಿಗುವ ಕಥೆ ‘ಒಬ್ಬ ಧೀರ ಸಭಾಪಾಲಕ, ಒಂದು ಚರ್ಚ್, ಒಂದು ಪವಾಡ’ ಎಂಬ ಅಚ್ಚಿಗೆ ಬೇಗ ಬೀಳುತ್ತದೆ. 1988ರ ಒಡಕು, ಹೊರಗೆ ಹಾಕಲ್ಪಟ್ಟ ಯುವಕರು, ಲೂಕಾಸ್ ಚರ್ಚ್ ಇವೆಲ್ಲ ಅಂಚಿಗೆ ಸರಿಯುತ್ತವೆ. ಗೈಡ್ ಜತೆ ಹೋಗುವವರು ಈ ಮೂರರ ಬಗ್ಗೆ ಬಾಯಿಬಿಟ್ಟು ಕೇಳಬೇಕು. ಕೇಳಿದರೆ ತಿಳಿದವರು ಬಿಡಿಸಿ ಹೇಳುತ್ತಾರೆ. ಒಬ್ಬರ ದೀನತೆಯನ್ನು ಹೊಗಳುವ ಭರದಲ್ಲಿ, ಅವರು ಯಾರಿಗಾಗಿ ಬಾಗಿಲು ತೆರೆದರೋ ಅವರ ಹೆಸರನ್ನೇ ಮರೆಯುವುದು ನೋವಿನ ಸಂಗತಿ.

ಇನ್ನೊಂದು ವಿಷಯವನ್ನೂ ತಿಳಿದಿರಬೇಕು. ‘ನಾವೇ ಜನತೆ’ ಎಂಬ 1989ರ ಘೋಷಣೆಯನ್ನೂ ಸೋಮವಾರದ ಮೆರವಣಿಗೆಯನ್ನೂ 2015ರ ಜನವರಿಯಿಂದ ಲೆಗಿಡಾ ಎಂಬ ವಲಸೆ ವಿರೋಧಿ ಗುಂಪು ಎತ್ತಿಕೊಂಡು ಇದೇ ರಸ್ತೆಗಳಲ್ಲಿ ನಡೆಯಿತು. ಸೋಮವಾರ ಸಂಜೆ ಪೇಟೆಯಲ್ಲಿ ಯಾವುದೋ ಮೆರವಣಿಗೆ ಕಂಡರೆ ಅದು ಈ ಪ್ರಾರ್ಥನೆಯ ಮುಂದುವರಿಕೆ ಎಂದು ತಿಳಿದು ಹಿಂದೆ ಹೋಗಬೇಡಿ. ಫಲಕ ಓದಿ, ಯಾರದ್ದೆಂದು ಕೇಳಿ.

ಪ್ರಾರ್ಥನೆಯ ಜತೆ ಇಡೀ ದಿನವನ್ನು ಹೊಂದಿಸಿಕೊಳ್ಳುವವರು ಒಂದು ತೊಡಕನ್ನು ಗಮನಿಸಬೇಕು. ಗ್ರಿಮ್ಮಾಯಿಶೆ ಸ್ಟ್ರಾಸ್ಸೆಯಲ್ಲಿರುವ ಸಮಕಾಲೀನ ಇತಿಹಾಸದ ವಸ್ತುಸಂಗ್ರಹಾಲಯ ಈ ಚರ್ಚಿಗೆ ಒಳ್ಳೆಯ ಪೂರಕ, ಪ್ರವೇಶವೂ ಉಚಿತ. ಆದರೆ ಸೋಮವಾರ ಅದಕ್ಕೆ ರಜೆ. ಭಾನುವಾರ ಬಂದು ಅದನ್ನು ನೋಡಿ, ರಾತ್ರಿ ಉಳಿದು, ಸೋಮವಾರ ಪ್ರಾರ್ಥನೆಗೆ ಹೋಗುವುದು ಲೇಸು. ಸೋಮವಾರ ಮಧ್ಯಾಹ್ನಕ್ಕೆ ದಿಟ್ರಿಶ್‌ರಿಂಗ್‌ನ ‘ರುಂಡೆ ಎಕ್ಕೆ’ ಇಟ್ಟುಕೊಳ್ಳಿ. ಅದು ಸ್ಟಾಸಿಯ ಜಿಲ್ಲಾ ಕಚೇರಿಯಾಗಿದ್ದ ಕಟ್ಟಡ, 1989ರ ಡಿಸೆಂಬರ್ 4ರಂದು ನಾಗರಿಕರು ಒಳನುಗ್ಗಿ ಕಡತಗಳನ್ನು ಉಳಿಸಿದ ಜಾಗ. ಜನರ ಪತ್ರಗಳನ್ನು ಹಬೆಯಿಂದ ಬಿಚ್ಚುವ ಯಂತ್ರ, ವ್ಯಕ್ತಿಗಳ ಮೈವಾಸನೆ ಹಿಡಿದಿಟ್ಟ ಬಟ್ಟೆಯ ಭರಣಿಗಳು, ವೇಷ ಬದಲಿಸುವ ಸಾಮಗ್ರಿಗಳನ್ನು ನೋಡಿದ ಮೇಲೆ, ಆ ಕಾಲದಲ್ಲಿ ಒಂದು ಚರ್ಚಿನ ಬಾಗಿಲು ದಾಟಲು ಎಷ್ಟು ಎದೆಗಾರಿಕೆ ಬೇಕಿತ್ತೆಂದು ಗೊತ್ತಾಗುತ್ತದೆ. ವೇಳಾಪಟ್ಟಿ ಬದಲಾಗುವುದುಂಟು, ಹೊರಡುವ ಮುನ್ನ ನೋಡಿಕೊಳ್ಳಿ.

ಪ್ರಾರ್ಥನೆ ಮುಗಿದ ಮೇಲೆ ಕಾಲಿಗೆ ಬಲವಿದ್ದರೆ ಮೆರವಣಿಗೆಯ ದಾರಿಯನ್ನೇ ನಡೆಯಬಹುದು: ಅಂಗಳದಿಂದ ಅಗಸ್ಟಸ್ ಚೌಕ, ಅಲ್ಲಿಂದ ಎಡಕ್ಕೆ ವರ್ತುಲ ರಸ್ತೆ ಹಿಡಿದು ರೈಲು ನಿಲ್ದಾಣ, ರಿಫಾರ್ಮ್ಡ್ ಚರ್ಚ್, ರುಂಡೆ ಎಕ್ಕೆ, ಥಾಮಸ್ ಚರ್ಚ್, ಹೊಸ ಪುರಭವನ, ಮತ್ತೆ ಚೌಕ. ಮೂರೂವರೆ ಕಿಲೋಮೀಟರಿನಷ್ಟು, ನಿಂತು ನೋಡುತ್ತಾ ಒಂದೂವರೆ ಗಂಟೆ. ಅಕ್ಟೋಬರ್ 9ರ ಮೆರವಣಿಗೆಯನ್ನು ಇಬ್ಬರು ಗೆಳೆಯರು ಗುಟ್ಟಾಗಿ ಚಿತ್ರೀಕರಿಸಿದ್ದು ರಿಫಾರ್ಮ್ಡ್ ಚರ್ಚಿನ ಗೋಪುರದಿಂದ. ಮರುದಿನ ಪಶ್ಚಿಮದ ಟಿವಿಯಲ್ಲಿ ಬಂದ ಆ ಚಿತ್ರಗಳಿಂದಲೇ ದೇಶಕ್ಕೆಲ್ಲ ಸುದ್ದಿ ತಿಳಿಯಿತು. ನಿಕೊಲಾಯ್ ಅಂಗಳದಲ್ಲಿ, ಚರ್ಚಿನೊಳಗಿನದೇ ಮಾದರಿಯ ಒಂಟಿ ತಾಳೆಕಂಬವನ್ನು 1999ರಲ್ಲಿ ನಿಲ್ಲಿಸಿದ್ದಾರೆ. ನೆಲದಲ್ಲಿ ಹೂತ ಬಣ್ಣದ ಗಾಜಿನ ದೀಪಗಳೂ ಇವೆ. ಹಗಲಲ್ಲಿ ಅವನ್ನು ಕಾಣದೆ ತುಳಿದು ಹೋಗುವವರೇ ಹೆಚ್ಚು.

ಸಭೆಗಳಲ್ಲಿ, ಸಂಘಗಳಲ್ಲಿ ಹೊಣೆ ಹೊತ್ತವರು ಈ ಪ್ರಾರ್ಥನೆಯಿಂದ ತಮ್ಮ ಊರಿಗೆ ಒಯ್ಯಬಹುದಾದ್ದು ಬಹಳವಿದೆ, ಒಯ್ಯುವಾಗ ಕೆಡುವುದೂ ಇದೆ. ದಿನ, ಹೊತ್ತು ಬದಲಿಸಬಾರದು. ಜನ ಕಡಿಮೆಯಾದರೆಂದು ತಿಂಗಳಿಗೊಮ್ಮೆ ಮಾಡಿದರೆ ರೂಢಿ ಮುರಿದು, ಕಷ್ಟ ಬಂದ ದಿನ ಎಲ್ಲಿ ಸೇರಬೇಕೆಂದು ಯಾರಿಗೂ ತೋಚುವುದಿಲ್ಲ. 1989ರಲ್ಲಿ ಯಾರೂ ಪ್ರಚಾರ ಮಾಡದೆಯೇ ಎಲ್ಲರಿಗೂ ಸೋಮವಾರ ಐದು ಗಂಟೆ ಎಂದು ಗೊತ್ತಿದ್ದದ್ದು ಏಳು ವರ್ಷದ ಈ ಹಟದಿಂದ. ಗುಂಪುಗಳಿಗೆ ಹೊಣೆ ಕೊಡುವಾಗ ಪೂರ್ತಿ ಕೊಡಬೇಕು, ಜತೆಗೆ ಹಿರಿಯರೊಬ್ಬರು ತಯಾರಿಯಲ್ಲಿ ಕೂರಬೇಕು. ಕೇವಲ ಓದಲು ಒಂದು ವಾಕ್ಯ ಕೊಟ್ಟು ಯುವಕರಿಗೆ ಅವಕಾಶ ಕೊಟ್ಟೆವೆನ್ನುವುದು ಕಣ್ಣೊರೆಸುವ ಕೆಲಸ. ಮಾಹಿತಿಯ ಭಾಗ ಹತ್ತು ನಿಮಿಷ ಮೀರಿದರೆ ಪ್ರಾರ್ಥನೆ ಉಪನ್ಯಾಸವಾಗುತ್ತದೆ. 1988ರ ಜಗಳದ ಬೇರಿನಲ್ಲಿ ಇದೂ ಇತ್ತು. ಮತ್ತು ಬಾಗಿಲಲ್ಲಿ ಯಾರು ಯಾವ ಪಕ್ಷ ಎಂದು ಕೇಳಬಾರದು. ನಮ್ಮ ಸಭೆಗಳ ಚುನಾವಣೆ ಜಗಳಗಳನ್ನು, ಕೋರ್ಟಿನ ಮೆಟ್ಟಿಲುಗಳನ್ನು ಬಲ್ಲವರಿಗೆ ಈ ಕೊನೆಯ ಮಾತು ಎಷ್ಟು ಕಷ್ಟದ್ದೆಂದು ವಿವರಿಸಬೇಕಿಲ್ಲ. ಶಿಷ್ಯರ ಪಾದ ತೊಳೆದ ಸಾಲಿನಲ್ಲಿ ಯೂದನೂ ಕೂತಿದ್ದನೆಂಬುದನ್ನು ಯೋಹಾನ 13ನೇ ಅಧ್ಯಾಯ ಮುಚ್ಚಿಡುವುದಿಲ್ಲ.

ಅಕ್ಟೋಬರ್ 9ಕ್ಕೇ ಹೋಗಬೇಕೆನ್ನುವವರಿಗೆ: ಅವತ್ತು ವಿಶೇಷ ಪ್ರಾರ್ಥನೆ, ಸಂಜೆ ಅಗಸ್ಟಸ್ ಚೌಕದಲ್ಲಿ ದೀಪೋತ್ಸವ. ಗಣ್ಯರು ಬರುವುದರಿಂದ ಬಿಗಿ ಭದ್ರತೆ, ಬಾಗಿಲಲ್ಲಿ ಸಾಲು; ಬಹಳ ಮುಂಚೆ ಹೋಗದಿದ್ದರೆ ಒಳಗೆ ಜಾಗವಿಲ್ಲ. ಮೊದಲ ಸಲ ಹೋಗುವವರಿಗೆ ನಮ್ಮ ಸಲಹೆ, ಯಾವುದೇ ವಿಶೇಷವಿಲ್ಲದ ಫೆಬ್ರವರಿಯ ಸೋಮವಾರ. ವಾರದ ನಡುವೆ ರಜೆ ಸಿಗದವರು ಭಾನುವಾರದ ಆರಾಧನೆಗೆ ಹೋಗಬಹುದು, 1862ರ ಲಾಡೆಗಾಸ್ಟ್ ಆರ್ಗನ್ ಅಲ್ಲಿ ಚೆನ್ನಾಗಿ ಕೇಳಸಿಗುತ್ತದೆ. ಆದರೆ ಸರದಿಯ ಗುಂಪುಗಳು ಮಾತಾಡುವುದು ಸೋಮವಾರವೇ.